ಹೊಟ್ಟೆಯ ದೊಡ್ಡ ರಕ್ತನಾಳ ಉಬ್ಬಿದಾಗ: ಗಾಯದ ಅಳತೆ ನೋಡಿ ಆಪರೇಷನ್ ಆರಿಸಬೇಡಿ

ಈ ಸಲದ ಲೇಖನ ಸ್ವಲ್ಪ ಉದ್ದ ಇದೆ. ಮನೆಯಲ್ಲಿ 65 ದಾಟಿದ ಹಿರಿಯರಿದ್ದರೆ, ಅದರಲ್ಲೂ ಬೀಡಿ, ಸಿಗರೇಟು ಸೇದಿದ ಗಂಡಸರಿದ್ದರೆ, ದಯವಿಟ್ಟು ಪೂರ್ತಿ ಓದಿ.

ಈ ಕಾಯಿಲೆ ನಮ್ಮ ಎಷ್ಟೋ ಮನೆಗಳಲ್ಲಿ ಗೊತ್ತಾಗುವುದೇ ಆಕಸ್ಮಿಕವಾಗಿ. ಊರಿಂದ ಅಪ್ಪ ಮಗನ ಮನೆಗೆ ಅಂತ ಪುಣೆಗೋ ಚೆನ್ನೈಗೋ ಬಂದಿರುತ್ತಾರೆ. ಮೂತ್ರದ ತೊಂದರೆ, ಗ್ಯಾಸು, ಏನೋ ಒಂದು ಕಾರಣಕ್ಕೆ ಹೊಟ್ಟೆಯ ಸ್ಕ್ಯಾನ್ ಮಾಡಿಸುತ್ತಾರೆ. ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಉಬ್ಬಿದೆ, ಒಡೆದರೆ ಪ್ರಾಣಕ್ಕೆ ಅಪಾಯ ಅನ್ನುತ್ತಾರೆ ಡಾಕ್ಟರು. ಎರಡು ದಾರಿ ಇದೆ ಅಂತಲೂ ಹೇಳುತ್ತಾರೆ: ಹೊಟ್ಟೆ ತೆರೆದು ಮಾಡುವ ಆಪರೇಷನ್, ಇಲ್ಲವೇ ತೊಡೆಸಂದಿನ ಮೂಲಕ ಮಾಡುವ ಕೀಹೋಲ್. ಆಮೇಲೆ ಮನೆಯವರ ಗ್ರೂಪಿನಲ್ಲಿ ಐದೇ ನಿಮಿಷದಲ್ಲಿ ತೀರ್ಮಾನ ಆಗಿಹೋಗುತ್ತದೆ: "ಈ ವಯಸ್ಸಿನಲ್ಲಿ ಹೊಟ್ಟೆ ಕೊಯ್ಯಿಸೋದು ಬೇಡಪ್ಪಾ, ಕೀಹೋಲೇ ಮಾಡಿಸಿಬಿಡೋಣ."

ನನ್ನ ಅಭಿಪ್ರಾಯ ಇಷ್ಟು. ಈ ತೀರ್ಮಾನ ಕೆಲವರ ಪಾಲಿಗೆ ಸರಿ, ಕೆಲವರ ಪಾಲಿಗೆ ತಪ್ಪು. ಆದರೆ ಹೀಗೆ ಗಾಯದ ಅಳತೆ ನೋಡಿ ತೀರ್ಮಾನಿಸುವುದು ಯಾರ ಪಾಲಿಗೂ ಸರಿಯಲ್ಲ. ಮೊದಲು ಕೇಳಬೇಕಾದದ್ದು ಮುಂದಿನ ಹತ್ತು ವರ್ಷದ ಮಾತು. ಅಪ್ಪ ಎಲ್ಲಿರುತ್ತಾರೆ? ವರ್ಷ ವರ್ಷ ಅವರನ್ನು ಸ್ಕ್ಯಾನಿಗೆ ಕರೆದುಕೊಂಡು ಹೋಗುವವರು ಯಾರು? ಮನೆ ಒಂದು ಕಡೆ, ಊರು ಒಂದು ಕಡೆ ಇರುವ ನಮ್ಮಂಥವರಿಗೆ ಇದೇ ದೊಡ್ಡ ಪ್ರಶ್ನೆ.

*ಮೊದಲು ಕಾಯಿಲೆ ಏನು ಅಂತ ತಿಳಿಯೋಣ*

ಹೃದಯದಿಂದ ಹೊರಟ ಮಹಾಪಧಮನಿ ಎದೆಯಿಂದ ಇಳಿದು ಹೊಟ್ಟೆಯ ಹಿಂಭಾಗದಲ್ಲಿ, ಬೆನ್ನುಮೂಳೆಯ ಮುಂದೆ ಹಾದು, ಹೊಕ್ಕುಳ ಹತ್ತಿರ ಎರಡು ಕವಲಾಗಿ ಕಾಲುಗಳ ಕಡೆ ಹೋಗುತ್ತದೆ. ಹೊಟ್ಟೆಯ ಭಾಗದಲ್ಲಿ ಇದರ ಅಗಲ ಸಾಮಾನ್ಯವಾಗಿ 2 ಸೆಂ.ಮೀ. ಆಸುಪಾಸು. ಗೋಡೆ ಬಲ ಕಳೆದುಕೊಂಡು 3 ಸೆಂ.ಮೀ. ಅಥವಾ ಹೆಚ್ಚು ಅಗಲವಾದರೆ ಅದನ್ನು ಅನ್ಯೂರಿಸಂ ಅನ್ನುತ್ತಾರೆ. ಹಳೆಯ ಸೈಕಲ್ ಟ್ಯೂಬು ಒಂದು ಕಡೆ ಬಲೂನಿನ ಹಾಗೆ ಉಬ್ಬುತ್ತದಲ್ಲ, ಹಾಗೆ.

ಇದು ಹೆಚ್ಚಾಗಿ ಕಾಣಿಸುವುದು 65 ದಾಟಿದ ಗಂಡಸರಲ್ಲಿ. ಎಲ್ಲಕ್ಕಿಂತ ದೊಡ್ಡ ಕಾರಣ ಧೂಮಪಾನ. ಬಿಪಿ ಮತ್ತು ಮನೆತನದ ಇತಿಹಾಸ ಕೂಡ ಸೇರುತ್ತವೆ. ಅಪ್ಪನಿಗೆ ಇದ್ದರೆ ಅವರ ಅಣ್ಣತಮ್ಮಂದಿರು, ವಯಸ್ಸಾದ ಮೇಲೆ ಮಕ್ಕಳು ಕೂಡ ಒಂದು ಸಲ ನೋಡಿಸಿಕೊಳ್ಳುವುದು ಒಳ್ಳೆಯದು. ಪತ್ತೆಗೆ ಸಾದಾ ಅಲ್ಟ್ರಾಸೌಂಡ್ ಸಾಕು. ಇಂಗ್ಲೆಂಡಿನಲ್ಲಿ 65 ತುಂಬಿದ ಗಂಡಸರನ್ನು ಸರ್ಕಾರವೇ ಕರೆದು ಈ ಸ್ಕ್ಯಾನ್ ಮಾಡುತ್ತದೆ. ನಮ್ಮ ದೇಶದಲ್ಲಿ ಅಂಥ ರಾಷ್ಟ್ರೀಯ ಕಾರ್ಯಕ್ರಮ ಇಲ್ಲ. ನಾವೇ ನೆನಪಿಟ್ಟು ಮಾಡಿಸಬೇಕು.

ತೊಂದರೆ ಏನೆಂದರೆ ಬಹುಪಾಲು ಜನರಿಗೆ ಯಾವ ನೋವೂ ಇರುವುದಿಲ್ಲ. ಒಡೆದಾಗಲೇ ಗೊತ್ತಾಗುವುದುಂಟು. ಒಡೆದವರಲ್ಲಿ ಅನೇಕರು ಆಸ್ಪತ್ರೆ ತಲುಪುವುದೇ ಇಲ್ಲ.

*ಉಬ್ಬು ಸಣ್ಣದಿದ್ದರೆ ಎರಡೂ ಬೇಡ*

ಇದನ್ನು ಮೊದಲೇ ಹೇಳಿಬಿಡಬೇಕು. ಉಬ್ಬು ಇದೆ ಅಂದಕೂಡಲೇ ಆಪರೇಷನ್ ಅಲ್ಲ. ಗಂಡಸರಲ್ಲಿ 5.5 ಸೆಂ.ಮೀ., ಹೆಂಗಸರಲ್ಲಿ 5 ಸೆಂ.ಮೀ. ಆಗುವವರೆಗೆ ಸಾಮಾನ್ಯವಾಗಿ ಕಾಯುತ್ತಾರೆ. ಬೇಗ ಬೇಗ ಬೆಳೆಯುತ್ತಿದ್ದರೆ ಅಥವಾ ನೋವು ಶುರುವಾದರೆ ಮಾತು ಬೇರೆ. 4ರಿಂದ 5.5 ಸೆಂ.ಮೀ. ಉಬ್ಬಿಗೆ ಮೊದಲೇ ಓಪನ್ ಆಪರೇಷನ್ ಮಾಡಿದರೆ ಆಯುಷ್ಯ ಹೆಚ್ಚುತ್ತದೆಯೇ ಅಂತ ಬ್ರಿಟನ್ ಮತ್ತು ಅಮೆರಿಕದಲ್ಲಿ ದೊಡ್ಡ ಪ್ರಯೋಗಗಳು ನಡೆದವು. ಹೆಚ್ಚಲಿಲ್ಲ. ಸಣ್ಣ ಉಬ್ಬಿಗೆ ಅವಸರದಲ್ಲಿ ಕೀಹೋಲ್ ಮಾಡಿದರೂ ಲಾಭ ಕಾಣಲಿಲ್ಲ.

ಆದ್ದರಿಂದ 4.2 ಸೆಂ.ಮೀ. ಇರುವವರಿಗೆ "ಸಣ್ಣ ತೂತಿನ ಕೆಲಸ, ಈಗಲೇ ಮುಗಿಸಿಬಿಡೋಣ" ಅಂತ ಯಾರಾದರೂ ಅಂದರೆ ಇನ್ನೊಬ್ಬ ವ್ಯಾಸ್ಕ್ಯುಲರ್ ಸರ್ಜನ್ ಹತ್ತಿರ ತೋರಿಸಿ. ಈ ಹಂತದಲ್ಲಿ ಬೀಡಿ ಬಿಡುವುದು, ಬಿಪಿ ಹತೋಟಿ, ಡಾಕ್ಟರು ಕೊಟ್ಟ ಮಾತ್ರೆ, ಹೇಳಿದ ಸಮಯಕ್ಕೆ ಸ್ಕ್ಯಾನ್. ಇಷ್ಟೇ ಚಿಕಿತ್ಸೆ.

*ಓಪನ್ ಆಪರೇಷನ್ ಅಂದರೆ*

ಹಾಳಾದ ಪೈಪಿನ ಭಾಗಕ್ಕೆ ಬದಲಾಗಿ ಹೊಸ ತುಂಡು ಕೂಡಿಸಿದ ಹಾಗೆ. ಪೂರ್ತಿ ಅರಿವಳಿಕೆ ಕೊಟ್ಟು ಹೊಟ್ಟೆ ತೆರೆದು, ಸ್ವಲ್ಪ ಹೊತ್ತು ನಾಳಕ್ಕೆ ಕ್ಲ್ಯಾಂಪ್ ಹಾಕಿ ರಕ್ತ ತಡೆದು, ಉಬ್ಬಿದ ಕಡೆ ಡೇಕ್ರಾನ್ ಎಂಬ ಪಾಲಿಯೆಸ್ಟರ್ ಬಟ್ಟೆಯ ಕೊಳವೆಯನ್ನು ಹೊಲಿಯುತ್ತಾರೆ. 1951ರಲ್ಲಿ ಪ್ಯಾರಿಸ್ಸಿನಲ್ಲಿ ಚಾರ್ಲ್ಸ್ ಡೂಬೋಸ್ಟ್ ಎಂಬ ಸರ್ಜನ್ ಹೊಟ್ಟೆಯ ಉಬ್ಬನ್ನು ಕತ್ತರಿಸಿ ತೆಗೆದು, ಮೃತ ದಾನಿಯ ರಕ್ತನಾಳ ಜೋಡಿಸಿದರು. ಬಟ್ಟೆಯ ಕೊಳವೆ ಬಂದದ್ದು ಅದರ ನಂತರದ ವರ್ಷಗಳಲ್ಲಿ.

ಹೃದಯಕ್ಕೆ, ಶ್ವಾಸಕೋಶಕ್ಕೆ, ಕಿಡ್ನಿಗೆ ಇದು ದೊಡ್ಡ ಪರೀಕ್ಷೆ. ಐಸಿಯುನಲ್ಲಿ ಇಡುತ್ತಾರೆ. ಆಸ್ಪತ್ರೆಯಲ್ಲಿ ವಾರದಿಂದ ಹತ್ತು ದಿನ. ಮೊದಲಿನ ಹಾಗೆ ಓಡಾಡಲು ಎರಡು ಮೂರು ತಿಂಗಳು ಬೇಕು. ಮುಂದೆ ಹೊಲಿಗೆಯ ಜಾಗದಲ್ಲಿ ಹರ್ನಿಯಾ, ಕರುಳು ಸಿಕ್ಕಿಕೊಳ್ಳುವ ತೊಂದರೆ ಕೆಲವರಿಗೆ ಬರುತ್ತದೆ. ಆದರೆ ಚೆನ್ನಾಗಿ ಆಯಿತು ಅಂದರೆ ಆ ಹೊಲಿಗೆ ಬಹುಕಾಲ ನಿಲ್ಲುತ್ತದೆ. ವರ್ಷ ವರ್ಷ ಸ್ಕ್ಯಾನ್ ಬೇಕಾಗುವುದಿಲ್ಲ. ಕೆಲವು ವರ್ಷಕ್ಕೊಮ್ಮೆ ನೋಡಿದರೆ ಸಾಮಾನ್ಯವಾಗಿ ಸಾಕು.

*ಕೀಹೋಲ್ ಅಂದರೆ*

ಪಿತ್ತಕೋಶಕ್ಕೆ ಮಾಡುವ ಲ್ಯಾಪ್ರೊಸ್ಕೋಪಿಯ ಹಾಗೆ ಅಂತ ಅನೇಕರು ತಿಳಿದಿದ್ದಾರೆ. ಇದು ಅದಲ್ಲ. ಇಲ್ಲಿ ಹೊಟ್ಟೆಗೆ ತೂತು ಹಾಕುವುದೇ ಇಲ್ಲ. ಆಂಜಿಯೋಪ್ಲಾಸ್ಟಿಯ ಹಾಗೆ ತೊಡೆಸಂದಿನ ರಕ್ತನಾಳದಿಂದ ತೂರಿ, ಎಕ್ಸ್-ರೇ ಪರದೆ ನೋಡುತ್ತಾ, ಮಡಚಿದ ಸ್ಟೆಂಟ್ ಗ್ರಾಫ್ಟನ್ನು ಉಬ್ಬಿದ ಜಾಗಕ್ಕೆ ಒಯ್ದು ಅಲ್ಲಿ ಬಿಚ್ಚುತ್ತಾರೆ. ಹಳೆ ಪೈಪಿನೊಳಗೆ ಹೊಸ ಪೈಪು ಕೂರಿಸಿದ ಹಾಗೆ. ರಕ್ತ ಹೊಸ ಕೊಳವೆಯೊಳಗೆ ಹರಿಯುತ್ತದೆ, ಹಳೆಯ ಗೋಡೆಯ ಮೇಲಿನ ಒತ್ತಡ ಇಳಿಯುತ್ತದೆ. ಡಾಕ್ಟರು ಇದನ್ನು ಇವಾರ್ ಅನ್ನುತ್ತಾರೆ. 1990ರಲ್ಲಿ ಅರ್ಜೆಂಟೀನಾದ ಹುವಾನ್ ಪರೋದಿ ಹೊಟ್ಟೆಯ ಉಬ್ಬಿಗೆ ಇದನ್ನು ಮಾಡಿ ತೋರಿಸಿದ ಮೇಲೆ ಜಗತ್ತಿನಲ್ಲೆಲ್ಲ ಹರಡಿತು.

ಎರಡು ಮೂರು ದಿನಕ್ಕೆ ಮನೆ. ನೋವು ಕಡಿಮೆ, ರಕ್ತ ಹೋಗುವುದು ಕಡಿಮೆ. ಆದರೆ ಎಲ್ಲರ ರಕ್ತನಾಳಕ್ಕೂ ಇದು ಹೊಂದುವುದಿಲ್ಲ. ಕಿಡ್ನಿಗೆ ಹೋಗುವ ನಾಳಗಳ ಕೆಳಗೆ ಒಂದರಿಂದ ಒಂದೂವರೆ ಸೆಂ.ಮೀ. ಉಬ್ಬಿಲ್ಲದ ಒಳ್ಳೆಯ ಜಾಗ ಇದ್ದರೆ ಮಾತ್ರ ಸಾಮಾನ್ಯ ಗ್ರಾಫ್ಟ್ ಅಲ್ಲಿ ಬಿಗಿಯಾಗಿ ಕೂರುತ್ತದೆ. ಇಲ್ಲದಿದ್ದರೆ ವಿಶೇಷ ಗ್ರಾಫ್ಟ್ ಬೇಕು, ಅದು ಇನ್ನೂ ದುಬಾರಿ, ಇನ್ನೂ ಕಷ್ಟದ ಕೆಲಸ.

ಇನ್ನೊಂದು ಮುಖ್ಯ ವಿಷಯ: ಇದು ಹೊಲಿದ ಕೊಳವೆಯಲ್ಲ, ಒತ್ತಿ ಕೂರಿಸಿದ ಕೊಳವೆ. ಕಾಲ ಕಳೆದಂತೆ ಜಾರಬಹುದು. ಪಕ್ಕದಿಂದ ರಕ್ತ ಉಬ್ಬಿನೊಳಗೆ ಸೋರಬಹುದು. ಈ ಸೋರಿಕೆ ಬಹುಪಾಲು ರೋಗಿಯ ಅರಿವಿಗೇ ಬರುವುದಿಲ್ಲ, ಸ್ಕ್ಯಾನಿನಲ್ಲಿ ಮಾತ್ರ ಕಾಣುತ್ತದೆ. ಅದಕ್ಕೇ ಸಾಮಾನ್ಯವಾಗಿ ಒಂದು ತಿಂಗಳಿಗೆ ಸಿಟಿ ಸ್ಕ್ಯಾನ್, ವರ್ಷಕ್ಕೆ ಮತ್ತೊಂದು, ಆಮೇಲೆ ಡಾಕ್ಟರು ಹೇಳಿದಂತೆ ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಸಿಟಿ.

*ಪ್ರಯೋಗಗಳು ಏನು ಹೇಳಿದವು*

ಬ್ರಿಟನ್ನಿನ 37 ಆಸ್ಪತ್ರೆಗಳಲ್ಲಿ 1999ರಿಂದ 2004ರ ನಡುವೆ 1252 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಬ್ಬರಿಗೆ ಓಪನ್, ಇನ್ನೊಬ್ಬರಿಗೆ ಕೀಹೋಲ್ ಅಂತ ನಿಗದಿ ಮಾಡಿದರು. ಮೊದಲ 30 ದಿನದಲ್ಲಿ ತೀರಿಕೊಂಡವರು ಕೀಹೋಲ್‌ನಲ್ಲಿ ನೂರಕ್ಕೆ 1.8, ಓಪನ್‌ನಲ್ಲಿ 4.3. ಇದು ಸಣ್ಣ ವ್ಯತ್ಯಾಸವಲ್ಲ. ಹಾಲೆಂಡಿನ ಪ್ರಯೋಗದಲ್ಲೂ ಹೀಗೇ ಬಂತು. ಮೊದಲ ತಿಂಗಳ ಲೆಕ್ಕ ಮಾತ್ರ ನೋಡಿದರೆ ಮನೆಯವರ ಗ್ರೂಪಿನ ತೀರ್ಮಾನವೇ ಸರಿ.

ಆದರೆ ಬ್ರಿಟನ್ನಿನವರು 15 ವರ್ಷದವರೆಗೂ ಆ ರೋಗಿಗಳನ್ನು ಗಮನಿಸಿದರು. 2016ರಲ್ಲಿ ಫಲಿತಾಂಶ ಬಂತು. ಕೀಹೋಲ್‌ನ ಮೊದಲಿನ ಲಾಭ ಕೆಲವು ವರ್ಷದಲ್ಲೇ ಕರಗಿಹೋಗಿತ್ತು. ಎಂಟು ವರ್ಷದ ನಂತರದ ಲೆಕ್ಕದಲ್ಲಿ ಓಪನ್ ಮಾಡಿಸಿಕೊಂಡವರೇ ಹೆಚ್ಚು ಉಳಿದಿದ್ದರು. ಕೀಹೋಲ್ ಆದವರಲ್ಲಿ ಹಳೆಯ ಉಬ್ಬು ಮತ್ತೆ ಒಡೆದದ್ದು ಇದಕ್ಕೆ ಒಂದು ಮುಖ್ಯ ಕಾರಣ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 881 ಜನರ ಮೇಲೆ ನಡೆದ ಪ್ರಯೋಗದಲ್ಲಿ ಕೊನೆಗೆ ಎರಡೂ ಗುಂಪಿನ ಆಯುಷ್ಯ ಹೆಚ್ಚುಕಡಿಮೆ ಒಂದೇ ಬಂತು. ಈ ಎರಡು ಪ್ರಯೋಗಗಳಲ್ಲೂ ಕೀಹೋಲ್ ಆದ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮುಂದೆ ಮತ್ತೆ ಏನಾದರೊಂದು ಚಿಕಿತ್ಸೆ ಬೇಕಾಯಿತು. ಓಪನ್ ಆದವರಲ್ಲಿ ಅದು ಕಡಿಮೆ.

ಇದಕ್ಕೆ ಎದುರು ವಾದವೂ ಇದೆ, ಅದನ್ನೂ ಹೇಳಬೇಕು. ಆ ಪ್ರಯೋಗಗಳಲ್ಲಿ ಬಳಸಿದ್ದು ಹಳೆಯ ತಲೆಮಾರಿನ ಗ್ರಾಫ್ಟ್‌ಗಳು, ಈಗಿನವು ಸುಧಾರಿಸಿವೆ ಅನ್ನುತ್ತಾರೆ ತಜ್ಞರು. ದೇಶ ದೇಶದ ಮಾರ್ಗಸೂಚಿಗಳೂ ಒಂದೇ ಥರ ಇಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2020ರಲ್ಲಿ, ತಡೆದುಕೊಳ್ಳುವ ಶಕ್ತಿ ಇದ್ದವರಿಗೆ ಮೊದಲು ಓಪನ್ ಅಂದಿತು. ಯುರೋಪಿನ ರಕ್ತನಾಳ ಸರ್ಜನ್ನರ ಸಂಘ, ನಾಳದ ಆಕಾರ ಹೊಂದಿದರೆ ಹೆಚ್ಚಿನವರಿಗೆ ಕೀಹೋಲ್ ಸರಿ, ಬಹಳ ವರ್ಷ ಬದುಕುವ ನಿರೀಕ್ಷೆ ಇರುವವರಿಗೆ ಓಪನ್ ಯೋಚಿಸಿ ಅನ್ನುತ್ತದೆ. ಹೇಳುವ ರೀತಿ ಬೇರೆಯಾದರೂ ಇಬ್ಬರೂ ನೋಡುವುದು ರೋಗಿಯ ಶಕ್ತಿಯನ್ನು ಮತ್ತು ಮುಂದಿರುವ ವರ್ಷಗಳನ್ನು.

*ನಮ್ಮಂಥ ಮನೆಗಳಲ್ಲಿ ಎಡವುವುದು ಎಲ್ಲಿ*

ಪರಊರಿನ ಆಸ್ಪತ್ರೆಯಲ್ಲಿ ಕೀಹೋಲ್ ಆಗುತ್ತದೆ. ಮೂರನೆಯ ದಿನ ಅಪ್ಪ ನಡೆದುಕೊಂಡೇ ಮನೆಗೆ ಬರುತ್ತಾರೆ. ಎಲ್ಲರಿಗೂ ಸಮಾಧಾನ. ತಿಂಗಳಾಗುತ್ತಲೇ "ಇಲ್ಲಿ ಹೊತ್ತು ಹೋಗಲ್ಲ, ಭಾಷೆ ಬರಲ್ಲ, ಹೊಲ ಮನೆ ನೋಡೋರಿಲ್ಲ" ಅಂತ ಊರಿಗೆ ಹೊರಡುತ್ತಾರೆ. ಫೈಲು ಮುಂಬೈಯ ಕಪಾಟಿನಲ್ಲಿ ಉಳಿಯುತ್ತದೆ. ಮೊದಲ ವರ್ಷದ ಸ್ಕ್ಯಾನಿಗೆ ಹೇಗೋ ಬರುತ್ತಾರೆ. ಎರಡನೆಯ ವರ್ಷ ಸುಗ್ಗಿ ಅಡ್ಡ ಬರುತ್ತದೆ, ಇಲ್ಲವೇ ಮದುವೆ. ಮೂರನೆಯ ವರ್ಷ "ನಂಗೇನೂ ಆಗಿಲ್ಲ, ಗಟ್ಟಿಯಾಗಿದೀನಿ, ಸುಮ್ನೆ ದುಡ್ಡು ಯಾಕೆ" ಅಂತ ಅವರೇ ಬೇಡ ಅನ್ನುತ್ತಾರೆ. ನಮಗೂ ರಜೆ ಇರುವುದಿಲ್ಲ, ಒಪ್ಪಿಕೊಳ್ಳುತ್ತೇವೆ.

ಇದರಲ್ಲಿ ಯಾರದೂ ಕೆಟ್ಟ ಮನಸ್ಸಿಲ್ಲ. ಆದರೆ ಸ್ಕ್ಯಾನ್ ಇಲ್ಲದ ಕೀಹೋಲ್ ಅರ್ಧ ಚಿಕಿತ್ಸೆ. ಪೂರ್ತಿ ಆಯಿತು ಅಂತ ನಂಬಿ ಕೂರುವುದೇ ಅಪಾಯ.

ಒಳ್ಳೆಯ ಸುದ್ದಿ ಏನೆಂದರೆ ಸ್ಕ್ಯಾನಿಗಾಗಿ ಪ್ರತಿ ಸಲ ಮುಂಬೈಗೆ ಬರಬೇಕಾಗಿಲ್ಲ. ಸಿಟಿ ಸ್ಕ್ಯಾನ್ ಈಗ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಮೈಸೂರು, ಮಂಗಳೂರಿನಲ್ಲೂ ಇದೆ. ಅಲ್ಲೇ ಮಾಡಿಸಿ, ಬರೀ ರಿಪೋರ್ಟ್ ಅಲ್ಲ, ಸ್ಕ್ಯಾನಿನ ಚಿತ್ರಗಳಿರುವ ಸಿಡಿ ಅಥವಾ ಲಿಂಕ್ ತೆಗೆದುಕೊಂಡು ಆಪರೇಷನ್ ಮಾಡಿದ ಡಾಕ್ಟರಿಗೆ ತಲುಪಿಸಬಹುದು. ಗ್ರಾಫ್ಟಿನ ಕಂಪನಿ, ಅಳತೆ ಬರೆದ ಕಾರ್ಡಿನ ಫೋಟೊ ಮನೆಯ ಎಲ್ಲರ ಫೋನಿನಲ್ಲೂ ಇರಲಿ.

*ಹಾಗಾದರೆ ಯಾರಿಗೆ ಯಾವುದು?*

ಕೊನೆಯ ಮಾತು ರೋಗಿಯನ್ನು ಪರೀಕ್ಷಿಸಿದ ಡಾಕ್ಟರದ್ದು. ಆದರೆ ಇಷ್ಟು ಓದಿದ ಮೇಲೆ ನನಗೆ ಅನ್ನಿಸುವುದು ಇದು:

• 62-68ರ ವಯಸ್ಸು, ಹೃದಯ ಶ್ವಾಸಕೋಶ ಚೆನ್ನಾಗಿವೆ, ಮೆಟ್ಟಿಲು ಹತ್ತುತ್ತಾರೆ, ಊರಲ್ಲೇ ಇರುತ್ತಾರೆ, ಸ್ಕ್ಯಾನಿಗೆ ಬರುವುದು ಅನುಮಾನ: ಇಂಥವರ ವಿಷಯದಲ್ಲಿ ಓಪನ್ ಆಪರೇಷನ್ನನ್ನು ಹೆದರಿ ತಳ್ಳಿಹಾಕಬೇಡಿ. ಒಮ್ಮೆ ಕಷ್ಟಪಟ್ಟರೆ ಮುಂದೆ ನೆಮ್ಮದಿ ಹೆಚ್ಚು.

• 75 ದಾಟಿದೆ, ಹೃದಯಕ್ಕೆ ಸ್ಟೆಂಟ್ ಆಗಿದೆ, ಉಸಿರಾಟ ಕಷ್ಟ, ಆದರೆ ನಾಳದ ಆಕಾರ ಹೊಂದುತ್ತದೆ: ಕೀಹೋಲ್ ಇವರಿಗಾಗಿಯೇ ಬಂದ ವರ. ಸ್ಕ್ಯಾನಿನ ಹೊಣೆ ಯಾರದು ಅಂತ ಮಾತ್ರ ಆಪರೇಷನ್ನಿಗೆ ಮೊದಲೇ ಹೆಸರು ಹಿಡಿದು ತೀರ್ಮಾನಿಸಿ.

• ತೀರಾ ಕೃಶರು, ಬೇರೆ ದೊಡ್ಡ ಕಾಯಿಲೆಗಳಿವೆ: ಓಪನ್ ತಡೆಯಲಾರದ ಇಂಥ ರೋಗಿಗಳ ಮೇಲೂ ಬ್ರಿಟನ್ನಿನಲ್ಲಿ ಪ್ರಯೋಗ ನಡೆಯಿತು. ಕೀಹೋಲ್ ಮಾಡಿದವರು ಮಾಡದವರಿಗಿಂತ ಒಟ್ಟಿನಲ್ಲಿ ಹೆಚ್ಚು ಕಾಲ ಬದುಕಲಿಲ್ಲ. "ಏನೂ ಮಾಡದೆ ಬಿಟ್ಟೆವು" ಎಂಬ ಕೊರಗಿಗೆ ಹೆದರಿ ಮಾತ್ರ ಆಪರೇಷನ್ ಮಾಡಿಸುವುದು ಸರಿಯಲ್ಲ. ಸುಮ್ಮನಿರುವುದೂ ಒಂದು ಗೌರವದ ಆಯ್ಕೆ.

*ಖರ್ಚಿನ ಮಾತು*

ಕೀಹೋಲ್‌ನಲ್ಲಿ ಗ್ರಾಫ್ಟಿನ ಬೆಲೆಯೇ ಹಲವು ಲಕ್ಷ. ಕಂಪನಿಯ ಮೆಡಿಕ್ಲೇಮ್, ಊರಿನ ಆಯುಷ್ಮಾನ್ ಕಾರ್ಡ್ ಇದ್ದರೆ ಗ್ರಾಫ್ಟಿನ ಬೆಲೆ ಎಷ್ಟು ಸೇರುತ್ತದೆ, ಕಾರ್ಡ್ ಈ ರಾಜ್ಯದ ಈ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಅಂತ ಮೊದಲೇ ಬರವಣಿಗೆಯಲ್ಲಿ ಕೇಳಿ. ವರ್ಷ ವರ್ಷದ ಸ್ಕ್ಯಾನ್ ಸಾಮಾನ್ಯವಾಗಿ ಮೆಡಿಕ್ಲೇಮಿನಲ್ಲಿ ಬರುವುದಿಲ್ಲ. ಅದನ್ನೂ ಲೆಕ್ಕಕ್ಕೆ ಸೇರಿಸಿ. ಓಪನ್ನಿನಲ್ಲಿ ಕೊಳವೆ ಅಗ್ಗ, ಐಸಿಯು ಮತ್ತು ಆಸ್ಪತ್ರೆಯ ದಿನ ಹೆಚ್ಚು. ಜೊತೆಗೆ ಎರಡು ತಿಂಗಳು ಮನೆಯಲ್ಲಿ ಆರೈಕೆಗೆ ಒಬ್ಬರು ಬೇಕು. ಆ ಭಾರ ಬೀಳುವುದು ಹೆಚ್ಚಾಗಿ ಅಮ್ಮನ ಮೇಲೆ ಅಥವಾ ಸೊಸೆಯ ಮೇಲೆ. ಅವರನ್ನೂ ಕೂರಿಸಿಕೊಂಡು ಮಾತಾಡಿ.

*ಅಪ್ಪನನ್ನೇ ಕೇಳಿ*

ಡಾಕ್ಟರು ಮರಾಠಿಯಲ್ಲೋ ತಮಿಳಿನಲ್ಲೋ ಹಿಂದಿಯಲ್ಲೋ ಹೇಳುತ್ತಾರೆ, ಮಗ ತಲೆಯಾಡಿಸುತ್ತಾನೆ, ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ, ಅಪ್ಪ ತೋರಿಸಿದ ಕಡೆ ಸಹಿ ಹಾಕುತ್ತಾರೆ. "ಅವರಿಗೆ ಹೇಳಿದ್ರೆ ಹೆದರ್ತಾರೆ" ಅಂತ ನಾವೇ ಬಾಯಿ ಮುಚ್ಚಿಕೊಳ್ಳುತ್ತೇವೆ. ಹೊಟ್ಟೆ ಅವರದು, ಜೀವ ಅವರದು. "ಅಪ್ಪಾ, ಒಂದರಲ್ಲಿ ಈಗ ಅಪಾಯ ಜಾಸ್ತಿ, ಆಮೇಲೆ ನಿಶ್ಚಿಂತೆ. ಇನ್ನೊಂದರಲ್ಲಿ ಈಗ ಸುಲಭ, ಆಮೇಲೆ ಪ್ರತಿ ವರ್ಷ ನೋಡಿಸಬೇಕು. ನಿಮಗೆ ಯಾವುದು ಸರಿ ಅನ್ನಿಸುತ್ತೆ?" ಅಂತ ಮನೆಮಾತಿನಲ್ಲಿ ಕೇಳಿದರೆ ಅರ್ಥವಾಗದ ಹಿರಿಯರು ಕಡಿಮೆ.

ವಿಜ್ಞಾನಿ ಐನ್‌ಸ್ಟೈನ್ ಅವರಿಗೂ ಇದೇ ಕಾಯಿಲೆ ಇತ್ತು. 1948ರಲ್ಲಿ ಸರ್ಜನ್ ಅವರ ಉಬ್ಬಿಗೆ ಸೆಲೊಫೇನ್ ಹಾಳೆ ಸುತ್ತಿದರು, ಆಗ ಇದ್ದದ್ದು ಅಷ್ಟೇ. 1955ರ ಏಪ್ರಿಲ್‌ನಲ್ಲಿ ಒಡೆದಾಗ ಮತ್ತೆ ಆಪರೇಷನ್ ಬೇಡ ಅಂತ ಅವರೇ ಹೇಳಿದರು. ಆಗ ಅವರಿಗೆ 76. ಅವರ ನಿರ್ಧಾರವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಕೇಳಿದವರು ಅವರನ್ನೇ ಕೇಳಿದರು.

*ಡಾಕ್ಟರನ್ನು ಕೇಳಿ, ಉತ್ತರ ಬರೆದಿಟ್ಟುಕೊಳ್ಳಿ*

1. ಉಬ್ಬಿನ ಅಳತೆ ಎಷ್ಟು? ಆರು ತಿಂಗಳ ಹಿಂದೆ ಎಷ್ಟಿತ್ತು?
2. ಅಪ್ಪನ ನಾಳದ ಆಕಾರ ಕೀಹೋಲ್‌ಗೆ ಚೆನ್ನಾಗಿ ಹೊಂದುತ್ತದೆಯೇ, ಕಷ್ಟಪಟ್ಟು ಹೊಂದಿಸಬೇಕೇ?
3. ನೀವು ಎರಡೂ ಬಗೆಯ ಆಪರೇಷನ್ ಮಾಡುತ್ತೀರಾ? ಓಪನ್ ವರ್ಷಕ್ಕೆ ಎಷ್ಟು ಮಾಡುತ್ತೀರಿ?
4. ಇವರ ಹೃದಯ, ಕಿಡ್ನಿ, ಶ್ವಾಸಕೋಶದ ಸ್ಥಿತಿಯಲ್ಲಿ ಮೊದಲ ತಿಂಗಳ ಅಪಾಯ ಎಷ್ಟು?
5. ಆಮೇಲಿನ ಸ್ಕ್ಯಾನ್ ಯಾವಾಗ, ಎಷ್ಟು ವರ್ಷ? ಊರಲ್ಲಿ ಮಾಡಿಸಿ ಕಳಿಸಿದರೆ ನೀವು ನೋಡುತ್ತೀರಾ?

ಮೂರನೆಯ ಪ್ರಶ್ನೆ ಕೇಳಲು ಸಂಕೋಚ ಬೇಡ. ಒಂದೇ ಬಗೆ ಬಲ್ಲವರು ಅದನ್ನೇ ಹೇಳುವುದು ಸಹಜ. ಎರಡನ್ನೂ ಬಲ್ಲವರ ಸಲಹೆಗೆ ತೂಕ ಹೆಚ್ಚು.

*ಇವಿಷ್ಟು ಮರೆಯಬೇಡಿ*

ಉಬ್ಬು ಇದೆ ಅಂತ ಗೊತ್ತಿರುವವರಿಗೆ ಹೊಟ್ಟೆ, ಬೆನ್ನು ಅಥವಾ ಪಕ್ಕೆಯಲ್ಲಿ ದಿಢೀರ್ ಜೋರು ನೋವು, ಬೆವರು, ತಲೆಸುತ್ತು ಬಂದರೆ ಅದು ಕಿಡ್ನಿ ಕಲ್ಲು, ಗ್ಯಾಸು ಅಂತ ಕಾಯಬೇಡಿ. 108 ಅಥವಾ 112ಕ್ಕೆ ಕರೆ ಮಾಡಿ. ವ್ಯಾಸ್ಕ್ಯುಲರ್ ಸರ್ಜನ್ ಇರುವ ಆಸ್ಪತ್ರೆಗೆ ಹೋಗಿ, ಬಾಗಿಲಲ್ಲೇ "ಅಯೋರ್ಟಿಕ್ ಅನ್ಯೂರಿಸಂ ಇದೆ" ಅಂತ ಹೇಳಿ. ಈ ಎರಡು ಶಬ್ದ ಅಮ್ಮನಿಗೂ ಬಾಯಿಪಾಠ ಇರಲಿ. ಕೀಹೋಲ್ ಆದವರಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ.

ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್ ಗುಂಪಿನ ಆಂಟಿಬಯಾಟಿಕ್ ಮಾತ್ರೆಗಳನ್ನು, ಬೇರೆ ದಾರಿ ಇದ್ದರೆ, ಈ ಕಾಯಿಲೆ ಇರುವವರಿಗೆ ಕೊಡಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲೇ ಎಚ್ಚರಿಸಿದೆ. ನಮ್ಮಲ್ಲಿ ಭೇದಿ, ಉರಿಮೂತ್ರ ಅಂದರೆ ಮೆಡಿಕಲ್ ಶಾಪಿನವರೇ ಇವನ್ನು ಕೊಡುವುದುಂಟು. ಯಾವ ಡಾಕ್ಟರ ಹತ್ತಿರ ಹೋದರೂ ಉಬ್ಬಿನ ವಿಷಯ ಮೊದಲು ಹೇಳಿ.

ಯಾವ ಆಪರೇಷನ್ ಆದರೂ, ಆಗದಿದ್ದರೂ, ಬೀಡಿ ಬಿಡಲೇಬೇಕು.

ಕೊನೆಗೆ ಒಂದು ಸಣ್ಣ ಕೆಲಸ. ಮನೆಯಲ್ಲಿ ಯಾರಿಗಾದರೂ ಈ ಕೀಹೋಲ್ ಆಗಿದ್ದರೆ, ಕಳೆದ ಸ್ಕ್ಯಾನ್ ಯಾವ ವರ್ಷ ಆಯಿತು ಅಂತ ಈಗಲೇ ಫೋನು ಮಾಡಿ ಕೇಳಿ. ಒಂದು ವರ್ಷ ದಾಟಿದ್ದರೆ ಆಪರೇಷನ್ ಮಾಡಿದ ಡಾಕ್ಟರ ಜೊತೆ ಮಾತಾಡಿ, ಮುಂದಿನ ಸ್ಕ್ಯಾನಿನ ದಿನ ಗೊತ್ತುಮಾಡಿ. ದಸರೆಗೋ ದೀಪಾವಳಿಗೋ ಊರಿಗೆ ಹೋಗುವವರಿದ್ದರೆ ಅದನ್ನೂ ಆ ರಜೆಗೇ ಜೋಡಿಸಿಕೊಳ್ಳಿ.

ಅಣ್ಣತಮ್ಮಂದಿರು ಬೇರೆ ಬೇರೆ ಊರಲ್ಲಿದ್ದರೆ ಅವರಿಗೂ ಇದನ್ನು ಕಳಿಸಿ. ಹೊಣೆ ಹಂಚಿಕೊಳ್ಳಲು ಅನುಕೂಲವಾಗುತ್ತದೆ.